ಹಾ-ನಾ ಆ್ಯಪಿನ ಮಾಲಕಿ

ವಡೋದರಾದ ಮಾಂಜಲ್‌ಪುರದ ಆ ಫ್ಲಾಟಿನಲ್ಲಿ ಊಟದ ಟೇಬಲ್ಲೇನೋ ಇತ್ತು, ಅದರ ಮೇಲೆ ಊಟ ಮಾಡಲು ಮಾತ್ರ ಜಾಗವಿರಲಿಲ್ಲ. ಎರಡು ಲ್ಯಾಪ್‌ಟಾಪು, ಒಂದೊಂದು ಕಂಪನಿಯ ಒಂದೊಂದು ಹಳೆ ಮೊಬೈಲು, ಗಂಟು ಬಿದ್ದ ಚಾರ್ಜರ್ ವೈರುಗಳು. ಇವುಗಳ ನಡುವೆ ಉಪ್ಪಿನಕಾಯಿ ಭರಣಿ ಹೇಗೋ ಜೀವ ಹಿಡಿದುಕೊಂಡು ನಿಂತಿತ್ತು. ಕಮಲಾಬಾಯಿ ದಿನಾ ಬೆಳಿಗ್ಗೆ ಜೋಳದ ಭಕ್ರಿ ಬುಟ್ಟಿ ಹಿಡಿದು ಬಂದು, ಇದನ್ನು ಎಲ್ಲಿಡಲಿ ಎಂದು ಮಗನ ಮುಖ ನೋಡುತ್ತ ನಿಲ್ಲುತ್ತಿದ್ದರು. ಮಗ ಸ್ಕ್ರೀನ್ ನೋಡುತ್ತಿದ್ದ.

“ಒಂಚೂರು ಸರಸೋ ಕಿರಣ.”

“ಒಂದ ನಿಮಿಷ ಅವ್ವಾ. ಹೊಸಾ ಆ್ಯಪ್ ಟೆಸ್ಟಿಂಗಿಗೆ ಹಚ್ಚೀನಿ. ಆ ವೈರ್ ಅಲುಗಾಡಸಬ್ಯಾಡ.”

“ಮತ್ತೊಂದು ಹೊಸಾದಾ? ಹಳೇವಕ್ಕ ಏನಾಗೇದ?”

“ದೀಪಾವಳಿ ಆತಂದ್ರ ಉತ್ತರಾಯಣ ಬಂದಂಗ. ಗಾಳಿಪಟಾ ಹಾರ್ಸೋರಿಗೆ ಗಾಳಿ ಯಾವ ಕಡೆ ಬೀಸ್ತದ ಅಂತ ಹೇಳೋದು.”

“ಮಾಳಗಿ ಮ್ಯಾಲೆ ಹೋಗಿ ನಿಂತ್ರ ಅದು ಪುಕ್ಕಟೆ ಗೊತ್ತಾಗ್ತದಲ್ಲೋ,” ಎಂದರು ಶ್ರೀನಿವಾಸರಾಯರು, ಪೇಪರಿನ ಹಿಂದಿನಿಂದ. ಧಾರವಾಡದಿಂದ ರೈಲ್ವೆ ನೌಕರಿಗೆಂದು ವಡೋದರಾಕ್ಕೆ ಬಂದು ಇಲ್ಲಿಯೇ ರಿಟೈರಾದವರು. ತಿಂಗಳ ಕೊನೆಗೆ ಸಂಬಳ ಬಾರದ ದುಡಿಮೆಗೆ ಕೆಲಸ ಎನ್ನಬೇಕೋ ಆಟ ಎನ್ನಬೇಕೋ ಎಂಬುದು ಅವರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಕಿರಣ ತಲೆ ಎತ್ತಲಿಲ್ಲ. ಅವನ ಹೆಂಡತಿ ಶ್ರುತಿ ಇನ್ಶೂರೆನ್ಸ್ ಆಫೀಸಿಗೆ ಹೊರಟವಳು, ನಿಂತೇ ಅರ್ಧ ಭಕ್ರಿ ತಿಂದು, ಇನ್ನರ್ಧವನ್ನು ಮಗಳ ಬಾಯಿಗೆ ತುರುಕಿದಳು. ಮಗಳು ಸಂಜನಾ ಏಳನೇ ಕ್ಲಾಸು. “ಅಜ್ಜೀ, ಮೇರಾ ಡಬ್ಬಾ ಎಲ್ಲಿ ಅದ? ವ್ಯಾನ್ ಆ ಗಯಾ!” ಎಂದು ಕನ್ನಡವನ್ನೂ ಹಿಂದಿಯನ್ನೂ ಒಂದೇ ಕುಕ್ಕರಿಗೆ ಹಾಕಿ ಕೂಗಿದಳು. ಮನೆ ಹೀಗೆ ದಿನವೂ ರೈಲು ತಪ್ಪೀತೆಂಬಂತೆ ಎದ್ದು ಓಡುತ್ತಿತ್ತು. ಕೂತಲ್ಲೇ ಕೂತು ಓಡುತ್ತಿದ್ದವನು ಕಿರಣ ಒಬ್ಬನೇ.

ನಾಲ್ಕು ವರ್ಷದ ಹಿಂದೆ ಅಹಮದಾಬಾದಿನ ಕಂಪನಿಯೊಂದರ ನೌಕರಿ ಬಿಟ್ಟು ಅವನು ಮನೆಯಲ್ಲೇ ಸ್ವಂತ ಧಂದೆ ಹೂಡಿದ್ದ. ಹಬ್ಬ ಬಂದರೆ ಸಾಕು, ಅವನ ತಲೆಯಲ್ಲಿ ಹೊಸ ಆ್ಯಪು ಹುಟ್ಟುತ್ತಿತ್ತು. ನವರಾತ್ರಿಗೆ ಗರ್ಬಾ ಹೆಜ್ಜೆ ಎಣಿಸುವುದು, ಬೇಸಿಗೆಗೆ ಸೊಸೈಟಿಗೆ ನೀರಿನ ಟ್ಯಾಂಕರ್ ಕರೆಸುವುದು, ದಿನಾ ವಡೋದರಾದಿಂದ ಅಹಮದಾಬಾದಿಗೆ ‘ಅಪ್‌ಡೌನ್’ ಮಾಡುವವರಿಗೆ ರೈಲಿನ ಯಾವ ಡಬ್ಬಿಯಲ್ಲಿ ಸೀಟು ಸಿಕ್ಕೀತೆಂದು ಹೇಳುವುದು. ಹಬ್ಬ ಮುಗಿದ ಮೇಲೆ ಅವುಗಳನ್ನು ಕಣ್ಣೆತ್ತಿ ನೋಡುವವರಿರಲಿಲ್ಲ. ಆ ಆ್ಯಪುಗಳ ಇಡೀ ಪರಿವಾರದಲ್ಲಿ ದುಡಿಯುತ್ತಿದ್ದುದು ಒಂದೇ, ‘ಹಾ-ನಾ’.

ಅದರ ಕೆಲಸ ಬಹಳ ಸರಳ. ಮನೆಯಲ್ಲಿ ಅಡಿಗೆ ಮಾಡಿ ಹಾಸ್ಟೆಲ್ ಹುಡುಗರಿಗೆ, ಫ್ಯಾಕ್ಟರಿ ಕೆಲಸಗಾರರಿಗೆ ಟಿಫಿನ್ ಕಳಿಸುವ ಹೆಂಗಸರು ಈ ಊರುಗಳಲ್ಲಿ ಸಾವಿರಾರು. ಅವರ ಗಿರಾಕಿಗಳು ಬೆಳಿಗ್ಗೆಯೇ ಫೋನಿನಲ್ಲಿ ಇವತ್ತು ಊಟ ಬೇಕಾದರೆ ‘ಹಾ’, ಬೇಡವಾದರೆ ‘ನಾ’ ಒತ್ತಬೇಕು. ಅಷ್ಟು ಗೊತ್ತಾದರೆ ಆಕೆ ಅಷ್ಟೇ ಹಿಟ್ಟು ಕಲಸುತ್ತಾಳೆ. ಪಕ್ಕದ ಫ್ಲಾಟಿನಾಕೆ ದಿನಾ ರಾಶಿ ಚಪಾತಿ ಉಳಿಸಿಕೊಂಡು ಕಣ್ಣೀರು ಹಾಕುವುದನ್ನು ನೋಡಲಾರದೆ ಕಿರಣ ಇದನ್ನು ಮಾಡಿಕೊಟ್ಟಿದ್ದ. ಅದು ಬಾಯಿಂದ ಬಾಯಿಗೆ ಹರಡಿ ಸೂರತ್ತಿಗೂ ಅಹಮದಾಬಾದಿಗೂ ಹೋಯಿತು. ಗಿರಾಕಿಗಳು ಕಡಿಮೆ ಇದ್ದವರಿಗೆ ಪುಕ್ಕಟೆ, ಹೆಚ್ಚಿದ್ದವರು ತಿಂಗಳಿಗಿಷ್ಟು ಕಟ್ಟಬೇಕು.

ಇನ್ನು ಈ ಕಥೆಗೆಲ್ಲ ಮೂಲವಾದ ಒಂದು ಸಣ್ಣ ಜಾಣತನದ ಮಾತು. ಮೊದಲ ಆ್ಯಪು ಹಾಕುವಾಗ ಕಿರಣ ಇನ್ನೂ ನೌಕರಿಯಲ್ಲಿದ್ದ. ಕಂಪನಿಯವರು ಹೊರಗಿನ ಗಳಿಕೆ ಕೂಡದೆಂದು ಬರೆಸಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ನಮ್ಮ ಜನ ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಎಲ್ಲವನ್ನೂ ತಾಯಿಯ ಹೆಸರಿನಲ್ಲಿ ತೆರೆದ. ಪ್ಯಾನ್ ಕಾರ್ಡು ಆಕೆಯದು, ಬ್ಯಾಂಕ್ ಖಾತೆ ಆಕೆಯದು, ಫೋನ್ ನಂಬರೂ ಆಕೆಯದು. “ಇಲ್ಲೊಂದು ಸಹಿ ಮಾಡವ್ವಾ,” ಎಂದಿದ್ದ. ಕಮಲಾಬಾಯಿ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿ, ತಿರುಗಿ ಹಂಚಿನ ಕಡೆ ಹೋಗಿದ್ದರು. ಆವತ್ತಿನಿಂದ ಫೋನಿನಲ್ಲಿ ಹಾ-ನಾ ತೆರೆದವರಿಗೆಲ್ಲ ಕೆಳಗೆ ಕಾಣುತ್ತಿದ್ದುದು ಕಮಲಾ ಶ್ರೀನಿವಾಸ ದೇಸಾಯಿ ಎಂಬ ಹೆಸರು ಮತ್ತು ಆಕೆಯ ನಂಬರು. ದೇಸಾಯಿ ಎಂದರೆ ಗುಜರಾತಿನವರಿಗೆ ತಮ್ಮವರೇ. ಅವರು ಸೀದಾ ಫೋನ್ ಹಚ್ಚತೊಡಗಿದರು.

ಮೊದಮೊದಲು ಕಮಲಾಬಾಯಿ “ರಾಂಗ್ ನಂಬರ್” ಎಂದು ಇಡುತ್ತಿದ್ದರು. ಒಂದು ದಿನ ಆ ಕಡೆಯ ಹೆಂಗಸು ಅಳುತ್ತಿದ್ದಳು. ಅವಳ ಆ್ಯಪಿನಲ್ಲಿ ಎಲ್ಲರೂ ‘ನಾ’ ಎಂದಿದ್ದರಂತೆ. ಇವರು ವಿಚಾರಿಸಿದರು. ಕಾಲೇಜಿಗೆ ರಜೆ ಎಂಬುದು ಪಾಪ ಆಕೆಗೆ ಗೊತ್ತಿರಲಿಲ್ಲ. “ಅಳಬೇಡ ಬೇನ್, ರಜಾ ಮುಗಿದ ಕೂಡಲೆ ಎಲ್ಲಾರೂ ಬರ್ತಾರ,” ಎಂದು ರೈಲ್ವೆ ಕ್ವಾರ್ಟರ್ಸಿನಲ್ಲಿ ಕಲಿತ ಗುಜರಾತಿಯಲ್ಲಿ ಸಮಾಧಾನ ಹೇಳಿದರು. ಆ ಗುಜರಾತಿಗೆ ಧಾರವಾಡದ ರಾಗವಿತ್ತು. ಕೇಳಿದವರು ಮರೆಯುತ್ತಿರಲಿಲ್ಲ. ಅಲ್ಲಿಂದ ಮುಂದೆ ದಿನಕ್ಕೆ ಹತ್ತಾರು ಫೋನು. ಪಾಸ್‌ವರ್ಡ್ ಮರೆತವರು, ಗಿರಾಕಿ ದುಡ್ಡು ಕೊಡದೆ ಓಡಿಹೋದವರು, ಮಜ್ಜಿಗೆಯ ಕಢಿ ಒಡೆಯಿತೆಂದು ಕೇಳುವವರು. ಕಮಲಾಬಾಯಿ ಫೋನನ್ನು ಕಿವಿಗೂ ಭುಜಕ್ಕೂ ಒತ್ತಿಕೊಂಡು ಪಲ್ಯ ಹೆಚ್ಚುತ್ತಲೇ ಎಲ್ಲರಿಗೂ ಉತ್ತರ ಕೊಡುತ್ತಿದ್ದರು. ತಮ್ಮನ್ನು ಯಾರೋ ಕೇಳಿಕೊಂಡು ಬರುತ್ತಾರೆ ಎನ್ನುವುದೇ ಅವರಿಗೆ ಒಂದು ಹೊಸ ಸುಖವಾಗಿತ್ತು. ಅದನ್ನು ಅವರು ಯಾರ ಮುಂದೆಯೂ ಹೇಳಿಕೊಂಡವರಲ್ಲ.

ದೀಪಾವಳಿ ಮುಗಿದ ವಾರವೇ ಅಹಮದಾಬಾದಿನ ಬೋಡಕ್‌ದೇವ್‌ನಿಂದ ಆಕಾಶ್ ಬಂದ. ಕಿರಣನ ಹಳೆಯ ಗೆಳೆಯ, ಈಗ ಅಲ್ಲಿ ದೊಡ್ಡ ಆಫೀಸು ಮಾಡಿಕೊಂಡು ಊಟ ತಲುಪಿಸುವ ಕಂಪನಿ ನಡೆಸುತ್ತಿದ್ದ. ಭಾನುವಾರ ಮಧ್ಯಾಹ್ನ, ಟೇಬಲ್ಲಿನ ವೈರುಗಳೆಲ್ಲ ಅಪರೂಪಕ್ಕೆ ಮಂಚದ ಕೆಳಗೆ ಹೋದವು. ಕಮಲಾಬಾಯಿ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದರು. ಅವನು ಬೆರಳು ಚೀಪಿಕೊಂಡು ಉಂಡ.

“ಮಾಸೀ, ನಿಮ್ಮ ಹಾ-ನಾ ಬಿಟ್ಟು ಒಬ್ಬ ಹೆಂಗಸೂ ಹೋಗುವುದಿಲ್ಲ. ಇದೇನು ಮೋಡಿ? ನಮ್ಮ ಆ್ಯಪಿಗೆ ಇವತ್ತು ಬಂದವರು ನಾಳೆ ಇರುವುದಿಲ್ಲ,” ಎಂದ. “ಅದಕ್ಕೇ ಇದನ್ನು ನಾವು ಕೊಳ್ಳುತ್ತೇವೆ. ಕಿರಣ್‌ಭಾಯಿ ನಮ್ಮಲ್ಲೇ ದೊಡ್ಡ ಹುದ್ದೆಗೆ ಬರಲಿ.”

ಶ್ರೀನಿವಾಸರಾಯರ ಮುಖ ಅರಳಿತು. “ಪಗಾರ ಪ್ರತಿ ತಿಂಗಳಾ ಬರ್ತದಲ್ಲಪಾ?” ಎಂದು ಹಿಂದಿಯಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

“ಕೊಂಡ ಮೇಲೆ ಏನು ಬದಲಾಗ್ತದಪ್ಪಾ?” ಎಂದು ಕಮಲಾಬಾಯಿ ಅನ್ನ ಬಡಿಸುತ್ತ ಕೇಳಿದರು.

“ಹೆಚ್ಚೇನಿಲ್ಲ ಮಾಸೀ. ಈಗ ಗಿರಾಕಿ ಆ ಹೆಂಗಸಿಗೇ ನೇರ ದುಡ್ಡು ಕೊಡುತ್ತಾನೆ. ಮುಂದೆ ನಮಗೆ ಕೊಡುತ್ತಾನೆ, ನಾವು ನಮ್ಮ ಪಾಲು ಹಿಡಿದು ಆಕೆಗೆ ಕೊಡುತ್ತೇವೆ. ಗಿರಾಕಿಯ ನಂಬರು ಆಕೆಗೆ ಕಾಣುವುದಿಲ್ಲ, ಅಷ್ಟೇ.”

“ಕಾಣದಿದ್ರ ಅವನು ಆಕೀ ಗಿರಾಕಿ ಹೆಂಗಾದ?”

ಆಕಾಶ್ ನಕ್ಕ. “ಆಮೇಲೆ ಅವನು ನಮ್ಮ ಗಿರಾಕಿ ಮಾಸೀ.”

ಅನ್ನದ ಸೌಟು ಪಾತ್ರೆಯಲ್ಲೇ ನಿಂತಿತು. ಕಿರಣ ತಾಯಿಗೆ ಕಣ್ಣಲ್ಲೇ ಸುಮ್ಮನಿರು ಎಂದ. ಕಮಲಾಬಾಯಿ ಸಾರು ತರಲು ಒಳಗೆ ಹೋದರು.

ಆಕಾಶನ ವಕೀಲರು ಕಾಗದ ನೋಡಿದ ಮೇಲೆ ಬಂದ ಮೊದಲ ಪ್ರಶ್ನೆ, ಈ ಕಮಲಾ ದೇಸಾಯಿ ಯಾರು ಎಂಬುದು. ಕಿರಣ ನಗುನಗುತ್ತ ಅಡಿಗೆಮನೆಗೆ ಬಂದ. “ಅವ್ವಾ, ನೀನ ಮಾಲಕಿ! ನೀ ಸಹಿ ಮಾಡದಿದ್ರ ಯಾರೂ ಏನೂ ಮಾಡ್ಲಿಕ್ಕಾಗಂಗಿಲ್ಲ.”

“ಹಂಗಾರ ಮೊದಲ ಆ ಟೇಬಲ್ ಖಾಲಿ ಮಾಡು. ಮಾಲಕೀ ಹುಕುಂ ಅದ,” ಎಂದರು ಕಮಲಾಬಾಯಿ. ಎಲ್ಲರೂ ನಕ್ಕರು. ಅವರೂ ನಕ್ಕರು. ವಕೀಲರ ಎರಡನೇ ಪ್ರಶ್ನೆ ಬಂದಾಗ ಮಾತ್ರ ನಗುವ ಹಾಗಿರಲಿಲ್ಲ. ಇಷ್ಟು ಜನ ಬಳಸುತ್ತಾರೆ, ದುಡ್ಡು ಕಟ್ಟುವವರು ಇಷ್ಟೇ ಯಾಕೆ?

ಕಿರಣ ಅದಕ್ಕೆ ಉತ್ತರ ಹುಡುಕುತ್ತ ತಲೆ ಕೆಡಿಸಿಕೊಂಡಿದ್ದ ಹೊತ್ತಿಗೇ ಒಳಗಿನಿಂದ ತಾಯಿಯ ದನಿ ಕೇಳಿತು. “ಈಗಲೇ ಕಟ್ಟಬೇಡ ಬೇನ್. ಗಂಡನ ಆಸ್ಪತ್ರೆ ಖರ್ಚು ಮುಗೀಲಿ. ಹದಿನೈದು ಮಂದಿ ತನಕ ಪುಕ್ಕಟೆ ಇದೆಯಲ್ಲ, ಉಳಿದವರನ್ನ ನಿನ್ನ ನಾದಿನಿ ಫೋನಿನಲ್ಲಿ ಹಾಕು.”

ಅವನು ಎದ್ದು ಬಂದ. “ಅವ್ವಾ! ಎಷ್ಟು ದಿನದಿಂದ ಹೇಳ್ಲಿಕತ್ತಿ ಹಿಂಗ?”

“ಯಾರಿಗೆ ತ್ರಾಸ ಅದನೋ ಅವರಿಗಷ್ಟ ಹೇಳ್ತೀನಿ.”

“ತ್ರಾಸ ಇಲ್ಲದವರು ಯಾರು ಫೋನ್ ಮಾಡ್ತಾರ ನಿನಗ? ಅಂದ್ರ ಎಲ್ಲಾರಿಗೂ ಹೇಳೀದಿ! ನಾ ಇಲ್ಲಿ ಒಬ್ಬೊಬ್ಬ ಗಿರಾಕೀನ್ನ ಕಟ್ಟೋ ಹಂಗ ಮಾಡ್ಲಿಕ್ಕೆ ಕಣ್ಣಾಗ ರಕ್ತಾ ಬರಸ್ಕೊಳ್ಳಿಕತ್ತೀನಿ, ನೀ ಒಳಗ ಕೂತು ಬ್ಯಾಡ ಬ್ಯಾಡ ಅಂತ ಕಳಸಲಿಕತ್ತೀದಿ!”

“ಆಕೀ ಗಂಡಗ ಕಾಲು ಮುರದದೋ.”

“ನನ್ನ ಕಾಲು ಯಾರು ನೋಡ್ತಾರ?”

ಶ್ರುತಿ ಆಗಷ್ಟೇ ಆಫೀಸಿನಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದಳು. “ಅತ್ತೀ,” ಎಂದಳು ಮೆತ್ತಗೆ, “ನಾಲ್ಕು ವರ್ಷ ಆತು. ಮನೀ ಖರ್ಚು, ಸಂಜನಾನ ಫೀಸು, ಎಲ್ಲಾ ನನ್ನ ಒಬ್ಬಾಕಿ ಪಗಾರದಾಗ. ನಾ ಒಂದ ದಿನಾ ಅಂದೀನೇನು? ಈಗ ಒಂದು ದಾರಿ ಕಂಡದ. ಇದೊಂದು ಆಗಿಹೋಗ್ಲಿ ಬಿಡ್ರಿ.” ಅವಳು ಜಗಳ ಆಡಿದ್ದರೆ ಕಮಲಾಬಾಯಿ ಉತ್ತರ ಕೊಡುತ್ತಿದ್ದರು. ಸೊಸೆಯ ಮುಖ ಇಷ್ಟು ಬಾಡಿದ್ದನ್ನು ತಾನು ಯಾಕೆ ನೋಡಲಿಲ್ಲ ಎಂದು ಅವರಿಗೆ ನಾಚಿಕೆಯಾಯಿತು.

“ಆತವಾ, ಸಹಿ ಮಾಡ್ತೀನಿ. ಯಾವತ್ತಂತ ಹೇಳ್ರಿ,” ಎಂದರು.

ಕಿರಣ ಆವತ್ತೇ ತಾಯಿಯ ನಂಬರಿಗೆ ಬರುವ ಕರೆಗಳೆಲ್ಲ ತನ್ನ ಫೋನಿಗೆ ತಿರುಗುವಂತೆ ಮಾಡಿದ. ಮನೆಗೆ ಮಂಕು ಕವಿಯಿತು. ಕಮಲಾಬಾಯಿಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದರು. ಮೆಂತ್ಯ ಸೊಪ್ಪು ಸೋಸುತ್ತ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಗಂಡನ ಮಗ್ಗುಲಲ್ಲಿ ಕೂತು ಸೀರಿಯಲ್ ನೋಡಲು ಹೋಗಿ, ಅರ್ಧದಲ್ಲಿ ಎದ್ದು ಬಂದರು.

“ಏನ್ ಕಳಕೊಂಡೀದಿ? ಮನಿ ತುಂಬಾ ಹುಡಕ್ಯಾಡಲಿಕತ್ತೀದಿ,” ಎಂದರು ರಾಯರು.

“ಏನಿಲ್ಲ. ಜೀವಾ ನಿಂದ್ರವಲ್ತು.”

“ಮುದುಕಿ ಆದಿ, ಆರಾಮ ಕೂಡೋದು ಕಲೀ.”

“ನೀವು ರಿಟೈರ್ ಆದ ಮರುದಿನಾ ಸ್ಟೇಶನ್ನಿಗೆ ಹೋಗಿ ಗಾಡಿ ಟೈಮಿಗೆ ಬಂತೋ ಇಲ್ಲೋ ನೋಡಿ ಬಂದಿದ್ರಲ್ಲ, ಮರತ್ರೇನು?”

ರಾಯರು ರಿಮೋಟ್ ಕೆಳಗಿಟ್ಟು ಅವರನ್ನೇ ನೋಡಿದರು. ಆ ಕಡೆ ಕಿರಣನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಅವನು ಎತ್ತಿದರೆ ಎಲ್ಲರೂ ಒಂದೇ ಮಾತು ಕೇಳುತ್ತಿದ್ದರು: ಕಮಲಾಬೇನ್ ಇಲ್ಲವೇ? “ಅವರು ಮೀಟಿಂಗಿನಲ್ಲಿದ್ದಾರೆ,” ಎನ್ನುತ್ತಿದ್ದ ಅವನು. ಒಳಗೆ ಕುಕ್ಕರ್ ಕೂಗುತ್ತಿತ್ತು.

ಮಾರ್ಗಶಿರದಲ್ಲಿ ಸೂರತ್ತಿನಿಂದ ಕರೆ ಬಂತು. ಅಲ್ಲಿ ಬ್ಯಾಂಕಿನಲ್ಲಿದ್ದ ಕಮಲಾಬಾಯಿಯ ತಮ್ಮ ವಿಠ್ಠಲನ ಬಸುರಿ ಮಗಳಿಗೆ ಕುಬುಸ. ಗಂಡ ಹೆಂಡತಿ ಇಬ್ಬರೂ ಹೋದರು. ಕಾರ್ಯ ಮುಗಿದ ಮರುದಿನ ಕಮಲಾಬಾಯಿ ತಮ್ಮನ ಹೆಂಡತಿಗೆ ಸೀರೆ ನೋಡಿ ಬರುತ್ತೇನೆಂದು ಹೇಳಿ, ರಿಕ್ಷಾ ಹಿಡಿದು ಉಧನಾ ಬಡಾವಣೆಗೆ ಹೋದರು. ಫೋನಿನಲ್ಲಿ ಎರಡು ವರ್ಷದಿಂದ ಮಾತಾಡುತ್ತಿದ್ದ ಪಾರ್ವತಿಬೇನ್ ಅಲ್ಲಿದ್ದಳು. ಮಗ್ಗದ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಿಗೆ ಟಿಫಿನ್ ಮಾಡುವವಳು. ಮುಖ ನೋಡಿದ್ದು ಆವತ್ತೇ ಮೊದಲು. ಅವಳು ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದೊಯ್ದಳು.

“ಎಲ್ಲಿ ಹೋಗಿದ್ದಿರಿ ಬೇನ್? ಒಬ್ಬ ಗಂಡಸು ಫೋನ್ ಎತ್ತುತ್ತಾನೆ. ಎಲ್ಲಕ್ಕೂ ಆ್ಯಪ್ ಮುಚ್ಚಿ ತೆರೆಯಿರಿ ಎನ್ನುತ್ತಾನೆ.”

“ಅವನು ನನ್ನ ಮಗ,” ಎಂದರು ಕಮಲಾಬಾಯಿ, ನಗು ತಡೆದುಕೊಂಡು.

ಪಾರ್ವತಿಬೇನ್ ಅವರನ್ನು ಮಣೆಯ ಮೇಲೆ ಕೂರಿಸಿ, ಸೂರತ್ತಿನ ಕಡಲೆಬೇಳೆ ತಿಂಡಿ ಲೋಚೋ ಬಿಸಿಬಿಸಿಯಾಗಿ ಕೊಟ್ಟಳು. ತಾನು ಹಿಟ್ಟು ನಾದುತ್ತಲೇ ಇದ್ದಳು. ಗಂಡ ತೀರಿಕೊಂಡಾಗ ನಾಲ್ಕು ಗಿರಾಕಿಗಳಿದ್ದರು, ಈಗ ಕೈಕೆಳಗೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡಿದ್ದೇನೆ ಎಂದಳು. ಹಾ-ನಾ ಬಂದ ಮೇಲೆ ಯಾರ ನಂಬರನ್ನೂ ಬೇರೆ ಕಡೆ ಇಟ್ಟುಕೊಂಡಿಲ್ಲ, ಎಲ್ಲ ಅದರಲ್ಲೇ ಇದೆ ಎಂದಳು. ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಕಮಲಾಬಾಯಿ ತಟ್ಟೆ ಕೆಳಗಿಟ್ಟರು. ಸುಮ್ಮನಿದ್ದು ಬಂದುಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಈ ಮನೆಯಲ್ಲಿ ಉಂಡು, ಈಕೆಯ ಕಣ್ಣೆದುರು ಸುಮ್ಮನಿರುವುದು ಅವರ ಕೈಲಾಗಲಿಲ್ಲ.

“ಪಾರ್ವತಿ, ಒಂದು ಮಾತು ಕೇಳು. ಗಿರಾಕಿಗಳ ನಂಬರು ನಿನ್ನ ಫೋನಿಗೆ ಬೇರೆ ಇಳಿಸಿಕೋ. ಉತ್ತರಾಯಣದೊಳಗೆ ಮುಗಿಸು. ಆಮೇಲೆ ಈ ಆ್ಯಪು ಬೇರೆಯವರ ಕೈಗೆ ಹೋಗುತ್ತದೆ, ಅವರು ನಿನಗೆ ನಂಬರು ತೋರಿಸುವುದಿಲ್ಲ.”

ಪಾರ್ವತಿಬೇನ್ ಬೆರಳು ತೊಳೆದು ಫೋನ್ ತಂದಳು. “ಅಹಮದಾಬಾದಿನ ವಟ್ವಾದಲ್ಲಿ ನನ್ನ ತಂಗಿ ಬಣ್ಣದ ಕಾರ್ಖಾನೆಯವರಿಗೆ ಅಡಿಗೆ ಮಾಡುತ್ತಾಳೆ. ನಾನು ಹೇಳಿದರೆ ನಂಬುವುದಿಲ್ಲ. ನೀವೇ ಇದರಲ್ಲಿ ಒಂದು ಸಲ ಹೇಳಿಬಿಡಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ.”

ಕಮಲಾಬಾಯಿ ಹೇಳಿದರು. ತಂಗಿಗಷ್ಟೇ ಎಂದುಕೊಂಡೇ ಹೇಳಿದರು. ವಾಟ್ಸಾಪಿಗೆ ತಂಗಿ ಯಾರು, ಊರು ಯಾವುದು ಎಂಬುದೆಲ್ಲ ಎಲ್ಲಿ ತಿಳಿಯಬೇಕು?

ಸಹಿಯ ದಿನ ಕಿರಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಶ್ರುತಿ ರಜೆ ಹಾಕಿ ಹೊಸ ಚೂಡಿದಾರ ತೊಟ್ಟಿದ್ದಳು. ಕಮಲಾಬಾಯಿ ಮೂವರಿಗೂ ಮೆಂತ್ಯದ ರೊಟ್ಟಿ ಥೇಪ್ಲಾ ಕಟ್ಟಿಕೊಂಡಿದ್ದರು. ಅಹಮದಾಬಾದಿನ ಬೆಳಗಿನ ಗಾಡಿಯಲ್ಲಿ ಕಿರಣ ಕಿಟಕಿಯ ಕಡೆ ಕೂತು ಸಣ್ಣವನ ಹಾಗೆ ಮಾತಾಡಿದ. ಬೋಡಕ್‌ದೇವ್‌ನಲ್ಲಿ ಮನೆ ನೋಡಬೇಕು, ಅವ್ವನಿಗೆ ದೊಡ್ಡ ಅಡಿಗೆಮನೆ ಬೇಕು, ಸಂಜನಾಳ ಶಾಲೆ ಒಂದೇ ತೊಂದರೆ. ಮಗ ಹೀಗೆ ನಗುವುದನ್ನು ಕಮಲಾಬಾಯಿ ನೋಡಿ ಎಷ್ಟೋ ಕಾಲವಾಗಿತ್ತು. ಸೂರತ್ತಿನ ಮಾತನ್ನು ಅಲ್ಲೇ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಚಹಾದವನು ಬಂದ.

ಆಫೀಸಿನ ಗಾಜಿನ ಕೋಣೆಯಲ್ಲಿ ಕಾಗದಗಳಿರಲಿಲ್ಲ. ಆಕಾಶ್ ನೀರು ಕೊಡಿಸಿ, ತನ್ನ ಫೋನನ್ನು ಟೇಬಲ್ಲಿನ ಮೇಲಿಟ್ಟು ಒತ್ತಿದ. ಅದರಿಂದ ಧಾರವಾಡದ ರಾಗದ ಗುಜರಾತಿ ಕೇಳಿಸಿತು. “ನಾನು ಹಾ-ನಾ ಕಮಲಾಬೇನ್ ದೇಸಾಯಿ. ಗಾಬರಿ ಆಗಬೇಡಿ. ನಿಮ್ಮ ಗಿರಾಕಿಗಳ ನಂಬರು ಬೇರೆ ಇಳಿಸಿಕೊಳ್ಳಿ. ಅವರು ನಿಮ್ಮ ಗಿರಾಕಿಗಳು, ನೀವು ಉಣ್ಣಿಸಿ ಸಂಪಾದಿಸಿದವರು...”

“ಮಾಸೀ, ಇದು ನಿಮ್ಮ ದನಿಯೇ?”

“ನನ್ನದೇ.”

“ಮೂರೂ ಊರಿನಲ್ಲಿ ಹಬ್ಬಿದೆ. ಹೆಂಗಸರು ನಂಬರು ಇಳಿಸಿಕೊಂಡು, ಗಿರಾಕಿಗಳಿಗೆ ಹೊಸ ಕಂಪನಿಗೆ ದುಡ್ಡು ಕಟ್ಟಬೇಡಿ ಎಂದು ಹೇಳಿದ್ದಾರೆ. ನಾನು ಏನು ಕೊಳ್ಳಲಿ? ಖಾಲಿ ಡಬ್ಬವನ್ನೇ?” ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. “ವ್ಯಾಪಾರದ ಗುಟ್ಟು ಹೀಗೆ ಹೊರಗೆ ಹೇಳುವುದೇ?”

“ಗುಟ್ಟು ಅಂತ ನೀವು ಹೇಳಲೇ ಇಲ್ಲವಲ್ಲಪ್ಪಾ. ಊಟಕ್ಕೆ ಕೂತು ನಗುತ್ತ ಹೇಳಿದಿರಿ.”

ಆಕಾಶ್ ಕಿರಣನ ಕಡೆ ತಿರುಗಿ, ಸದ್ಯಕ್ಕೆ ಬಿಡೋಣ ಎಂದ. ಸದ್ಯಕ್ಕೆ ಎಂದರೆ ಏನೆಂದು ಮೂವರಿಗೂ ತಿಳಿಯಿತು. ಹಿಂದಿರುಗುವ ಗಾಡಿಯಲ್ಲಿ ಥೇಪ್ಲಾದ ಗಂಟು ಯಾರೂ ಬಿಚ್ಚಲಿಲ್ಲ.

ಮನೆಯ ಬಾಗಿಲು ಹಾಕಿದ್ದೇ ತಡ, ಕಿರಣ ಸಿಡಿದ.

“ಯಾಕ ಮಾಡಿದಿ ಅವ್ವಾ? ಸಹಿ ಮಾಡ್ತೀನಿ ಅಂದಿದ್ದಿಯಲ್ಲಾ! ಮನಸ್ಸಿಲ್ಲ ಅಂದ್ರ ಮನಸ್ಸಿಲ್ಲ ಅಂತ ಮಾರೀಗೆ ಹೇಳಬೇಕಿತ್ತು. ಹಿಂದಿನಿಂದ ಯಾಕ ಚೂರಿ ಹಾಕಿದಿ?”

“ಸಹಿ ಮಾಡ್ಲಿಕ್ಕೇ ಬಂದಿದ್ದೆ. ಈಗೂ ಮಾಡ್ತೀನಿ.”

“ಈಗ ಯಾರಿಗೆ ಬೇಕು ನಿನ್ನ ಸಹಿ? ಮೂವತ್ತೆಂಟು ಆದವು ನನಗ. ಹೆಂಡತಿ ದುಡಿದದ್ದು ಉಣ್ಣತೀನಿ, ಅಪ್ಪನ ಪೆನ್ಶನ್ ಉಣ್ಣತೀನಿ. ಒಂದ ಸಲ, ಒಂದೇ ಸಲ ತಲಿ ಎತ್ತೋ ಹಂಗಾಗಿತ್ತು. ನಿನಗ ನಾ ಹೆಚ್ಚೋ, ಆ ಹೆಂಗಸೂರು ಹೆಚ್ಚೋ?”

ಶ್ರೀನಿವಾಸರಾಯರು ನಡುವೆ ಬಂದರು. “ಆಕೀಗೇನ್ ತಿಳೀತದೋ ಇದೆಲ್ಲಾ...”

“ನೀವು ಸುಮ್ಮನಿರ್ರಿ,” ಎಂದರು ಕಮಲಾಬಾಯಿ. “ನನಗ ತಿಳದಿತ್ತು. ತಿಳದ ಮಾಡೀನಿ. ಇಷ್ಟು ಹಬ್ಬತದ ಅಂತ ಮಾತ್ರ ತಿಳದಿರಲಿಲ್ಲ.” ಆಮೇಲೆ ಮಗನ ಕಡೆ ತಿರುಗಿದರು. “ಕಿರಣ, ನೀನ ಹೆಚ್ಚು. ಅದನ್ನ ಕೇಳಬ್ಯಾಡ. ಆದ್ರ ಅಲ್ಲಿ ಹೆಸರು ನಂದು ಹಾಕಿದಿ. ಹಾಕೋವಾಗ ನನ್ನ ಕೇಳಿದ್ಯೇನು? ಹಿಟ್ಟಿನ ಕೈಲೆ ಸಹಿ ಮಾಡೀನಿ. ಆ ಹೆಸರು ಹಿಡದು ಅವರು ಕರದರು, ನಾ ಓ ಅಂದೆ. ದಿನಾ ಓ ಅಂದು ಅಂದು, ಈಗ ನಾ ಆಕೀ ಅಲ್ಲ ಅಂತ ಹೆಂಗ ಹೇಳ್ಲಿ?”

ಕಿರಣ ಟೇಬಲ್ಲಿನ ಮೇಲಿನ ಲ್ಯಾಪ್‌ಟಾಪ್, ಮೊಬೈಲು, ವೈರುಗಳನ್ನೆಲ್ಲ ಬಾಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆಕಾಶ್ ಬಂದ ಭಾನುವಾರ ಬಿಟ್ಟರೆ, ನಾಲ್ಕು ವರ್ಷದಲ್ಲಿ ಮೊದಲ ಸಲ ಟೇಬಲ್ಲು ಖಾಲಿಯಾಗಿತ್ತು. ಕಮಲಾಬಾಯಿ ಅದರ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಂಜನಾ ಪಕ್ಕದಲ್ಲಿ ಕೂತು, “ಅಜ್ಜೀ, ನಾನು ಶಾಲೆ ಬದಲಾಯಿಸಬೇಕಿಲ್ಲ ಅಲಾ? ಐ ಆ್ಯಮ್ ಹ್ಯಾಪಿ,” ಎಂದು ಕಿವಿಯಲ್ಲಿ ಹೇಳಿದಳು. ಶ್ರುತಿ ಮಗಳನ್ನು ಗದರಿಸಲಿಲ್ಲ. ಅತ್ತೆಯನ್ನೂ ಸಮಾಧಾನ ಮಾಡಲಿಲ್ಲ.

ಮುಂದಿನ ವಾರಗಳಲ್ಲಿ ಕಿರಣ ಮನೆಯ ಊಟ ಬಿಟ್ಟ. ಹೊರಗೆ ಸೇವ್ ಉಸಳ್ ತಿಂದು ಬರುತ್ತಿದ್ದ. ತಾಯಿಯ ಜೊತೆ ಮಾತು ಹೌದು, ಇಲ್ಲ ಅಷ್ಟೇ. ಉತ್ತರಾಯಣ ಬಂತು, ಊರೆಲ್ಲ ಮಾಳಿಗೆ ಹತ್ತಿ ಕಿರುಚಿತು. ಗಾಳಿ ಹೇಳುವ ಆ್ಯಪು ಮಾತ್ರ ಹೊರಗೇ ಬರಲಿಲ್ಲ. ಕಮಲಾಬಾಯಿ ದಿನಾ ಅವನಿಗೆಂದು ಭಕ್ರಿ ಬಡಿದು ಮುಚ್ಚಿಡುತ್ತಿದ್ದರು, ಸಂಜೆಗೆ ಅದನ್ನು ರಾಯರು ತಿನ್ನುತ್ತಿದ್ದರು.

ಆದರೆ ಒಂದು ಹೊಸ ಸಂಗತಿ ನಡೆದಿತ್ತು. ಅದನ್ನು ಮೊದಲು ಗಮನಿಸಿದವಳು ಶ್ರುತಿ. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವಳು ಗಂಡನ ಕೋಣೆಯ ಬಾಗಿಲಲ್ಲಿ ನಿಂತಳು. “ಕಿರಣ, ನೋಡೀಯೇನು? ಈ ತಿಂಗಳಾ ಹಾ-ನಾಕ್ಕ ದುಡ್ಡು ಕಟ್ಟಿದವರು ಮೊದಲಿನಕ್ಕಿಂತ ಭಾಳ ಮಂದಿ ಅದಾರ. ಅತ್ತಿ ಬ್ಯಾಡ ಅಂದವರೂ ಕಟ್ಯಾರ. ಮಾರಬ್ಯಾಡ್ರಿ, ನಡಸ್ರಿ ಅಂತ ಬರದಾರ.”

“ಇಷ್ಟರಿಂದ ಮನಿ ನಡೀತದೇನು?”

“ಇಲ್ಲ. ಆದ್ರ ಉಳದ ಎಂಟೂ ಮುಚ್ಚಿ ಇದೊಂದಕ್ಕ ಕೂತ್ರ ನಡೀಬಹುದು. ಹಬ್ಬಕ್ಕೊಂದು ಹೊಸಾದು ಮಾಡೋದು ಬಿಡು. ಇನ್ನೊಂದು ವರ್ಷ ನಾ ತಡೀತೀನಿ. ಅದರ ಮ್ಯಾಲೆ ಒಂದ ದಿನಾನೂ ಇಲ್ಲ,” ಎಂದು ಹೇಳಿ ಅವಳು ಹೊರಟುಹೋದಳು.

ಕಿರಣ ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಾಗದಗಳನ್ನು ಹಿಡಿದು ಬಂದು ಟೇಬಲ್ಲಿನ ಮೇಲೆ ಇಟ್ಟ. ತಾಯಿಯ ಮುಖ ನೋಡದೆ ಮಾತಾಡಿದ.

“ಬ್ಯಾರೆ ಆ್ಯಪ್ ಎಲ್ಲಾ ಮುಚ್ಚಲಿಕತ್ತೀನಿ.”

“ಗರ್ಬಾದ್ದೂ?”

“ಗರ್ಬಾದ್ದೂ.” ಅದು ಅವನ ಮೊದಲ ಆ್ಯಪು. “ಹಾ-ನಾ ಒಂದ ಇಡ್ತೀನಿ. ಆದ್ರ ಅದು ನನ್ನ ಹೆಸರಿಗೆ ಆಗಬೇಕು. ನಿನ್ನ ಹೆಸರು ತಗೀಬೇಕು ಅವ್ವಾ. ಮತ್ತ ಹಿಂಗ ಆಗಬಾರದು. ಸಹಿ ಮಾಡು.”

ಮಗ ತನ್ನನ್ನು ನಂಬುವುದಿಲ್ಲ ಎಂದು ಇಷ್ಟು ಚೆನ್ನಾಗಿ ಟೈಪು ಮಾಡಿಸಿ ತಂದಿದ್ದ. ನಂಬಲು ಅವನಿಗೆ ಕಾರಣವೂ ಇರಲಿಲ್ಲ, ಅದೂ ಕಮಲಾಬಾಯಿಗೆ ಗೊತ್ತಿತ್ತು. ಕನ್ನಡಕ ತಂದು ಒಂದೊಂದೇ ಹಾಳೆ ತಿರುವಿದರು. ಈ ಸಲ ಕೈ ತೊಳೆದುಕೊಂಡು ಬಂದು ಕೂತಿದ್ದರು. ಕೊನೆಯ ಹಾಳೆಯಲ್ಲಿ ಬೆರಳಿಟ್ಟರು.

“ಇಲ್ಲಿ ಫೋನ್ ನಂಬರ್ ನಿಂದು ಹಾಕೀದಿ.”

“ಹೌದು.”

“ಹೆಸರು ತಗಿ. ಖಾತೆ ತಗಿ. ಎಲ್ಲಾಕೂ ಸಹಿ ಮಾಡ್ತೀನಿ, ಒಂದ ಮಾತು ಆಡಂಗಿಲ್ಲ. ನಂಬರ್ ಮಾತ್ರ ನಂದ ಇರಲಿ.”

ಕಿರಣ ಈಗ ತಲೆ ಎತ್ತಿ ನೋಡಿದ. “ನಂಬರ್ ಕೊಟ್ರ ನೀ ಮತ್ತ ಹಂಗ ಮಾಡ್ತಿ. ದುಡ್ಡು ಕಟ್ಟಬ್ಯಾಡ್ರಿ ಅಂತಿ. ಒಳಗಿನ ಮಾತು ಹೊರಗ ಹೇಳ್ತಿ.”

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಮಗನೂ ಅದೊಂದು ಮಾತಿಗೆ ಕಾಯುತ್ತಿದ್ದ. ರಾಯರು ಪೇಪರು ಕೆಳಗಿಳಿಸಿ ಕಣ್ಣಿನಲ್ಲೇ ಇಲ್ಲ ಅನ್ನು, ಇಲ್ಲ ಅನ್ನು ಎಂದು ಹೇಳುತ್ತಿದ್ದರು.

“ಮಾಡ್ತೀನಿ,” ಎಂದರು ಕಮಲಾಬಾಯಿ. “ಮೊದಲ ನಿನಗ ಹೇಳಿ, ಆಮ್ಯಾಲೆ ಮಾಡ್ತೀನಿ.”

ಕಿರಣ ಕಾಗದವನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ಪೆನ್ನು ತೆಗೆದು ತನ್ನ ನಂಬರನ್ನು ಒಂದು ಗೀಟು ಎಳೆದು ಹೊಡೆದುಹಾಕಿ, ಅದರ ಮೇಲೆ ತಾಯಿಯ ನಂಬರನ್ನು ಬರೆದ. ಬರೆಯುವಾಗ ಕೈ ಸಿಟ್ಟಿನಿಂದ ಒತ್ತುತ್ತಿತ್ತು, ಅಂಕಿಗಳು ಕಾಗದದ ಹಿಂದಿನ ಬದಿಗೂ ಮೂಡಿದವು. ಹಾಳೆಗಳನ್ನು ತಾಯಿಯ ಮುಂದೆ ತಳ್ಳಿ, ಇನ್ನೂ ಗಂಟು ಹಾಕಿಕೊಂಡ ಮುಖದಲ್ಲೇ ಕುರ್ಚಿ ಎಳೆದು ಕೂತು, “ಭಕ್ರಿ ಅದನೋ ಇಲ್ಲೋ?” ಎಂದು ಕೇಳಿದ.